ರಬ್ಬರ್ ಇಲ್ಲದ ಪಿರಿಯಡ್

ಪ್ರಾಥಮಿಕ ಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರಕಲೆಗೆ ಎಲ್ಲಿ ಜಾಗ ಸಿಗುತ್ತದೆ ಎಂಬುದು ಅದನ್ನು ಕಲಿಸಿದವರಿಗೆ ಚೆನ್ನಾಗಿ ಗೊತ್ತು. ಗಣಿತ, ಇಂಗ್ಲಿಷು, ಮರಾಠಿ, ವಿಜ್ಞಾನ ಎಲ್ಲವೂ ತಮಗೆ ಬೇಕಾದ ಕಡೆ ಕಾಲು ಚಾಚಿ ಕೂತ ಮೇಲೆ ಉಳಿಯುವ ಶುಕ್ರವಾರದ ಕೊನೆಯ ಪಿರಿಯಡ್ಡು ಅದು. ಯಾರದಾದರೂ ಪೋರ್ಷನ್ ಹಿಂದೆ ಬಿದ್ದಿದ್ದರೆ ಅದೂ ಹೋಯಿತು. ಪುಣೆಯ ದಕ್ಷಿಣದ ತುದಿಯಲ್ಲಿರುವ ಕಾತ್ರಜದ ಒಂದು ಖಾಸಗಿ ಶಾಲೆಯಲ್ಲಿ ಇಂಥ ಪಿರಿಯಡ್ಡುಗಳನ್ನೇ ನಂಬಿಕೊಂಡು ನಾನು ಬಹಳ ವರ್ಷ ನೌಕರಿ ಮಾಡಿದೆ. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಮಕ್ಕಳು. ಮೊಂಡ್ರಿಯಾನ್, ಮತೀಸ್, ಹೊಕುಸಾಯಿ, ಜೀವ್ಯಾ ಸೋಮಾ ಮ್ಹಸೆ, ಹೆಬ್ಬಾರ್ ಇವರೆಲ್ಲ ಆ ಮಕ್ಕಳ ಕೈಗೆ ಸಿಕ್ಕಿ ಏನೇನಾದರು ಎಂಬುದನ್ನು ಬರೆದಿಡಬೇಕೆಂದು ಎಷ್ಟೋ ದಿನಗಳಿಂದ ಅಂದುಕೊಂಡಿದ್ದೆ.

ನಾನು ಧಾರವಾಡದವಳು. ಅಪ್ಪ ಹುಡುಗನಾಗಿದ್ದಾಗ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. 1956ಕ್ಕಿಂತ ಮುಂಚೆ ನಮ್ಮ ಕಡೆಯವರು ಬರೆಯುತ್ತಿದ್ದುದು ಮುಂಬಯಿ ಸರಕಾರದ ಡ್ರಾಯಿಂಗ್ ಪರೀಕ್ಷೆ: ಮೊದಲು ಎಲಿಮೆಂಟರಿ, ಆಮೇಲೆ ಇಂಟರ್‌ಮೀಡಿಯೆಟ್. ನನ್ನ ಕಾಲಕ್ಕೆ ಅದು ಕರ್ನಾಟಕದ ಲೋಯರ್, ಹೈಯರ್ ಆಗಿತ್ತು. ಮದುವೆಯಾಗಿ ಪುಣೆಗೆ ಬಂದಾಗ ಅಪ್ಪನ ಪರೀಕ್ಷೆ ಇಲ್ಲಿ ಗಟ್ಟಿಮುಟ್ಟಾಗಿ ಬದುಕಿರುವುದನ್ನು ಕಂಡೆ. ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಅಕ್ಷರಲೇಖನ ಎಂದು ಅದರ ಪತ್ರಿಕೆಗಳು. ಅದನ್ನು ಬರೆಯುವುದು ಹೈಸ್ಕೂಲಿನ ಮಕ್ಕಳು. ಆದರೆ ಪುಣೆಯ ತಾಯಿತಂದೆಯರು ದೂರದೃಷ್ಟಿಯವರು. ಎರಡನೆಯ ತರಗತಿಯ ಹುಡುಗ ಆನೆಗೆ ನೇರಳೆ ಬಣ್ಣ ಬಳಿದರೆ, "ಮ್ಯಾಡಮ್, ಹೀಗಾದರೆ ಎಲಿಮೆಂಟರಿಯಲ್ಲಿ ಇವನಿಗೆ ಯಾವ ಗ್ರೇಡ್ ಸಿಕ್ಕೀತು?" ಎಂದು ಕೇಳುವಷ್ಟು.

ಆಗಿನ ಕಾತ್ರಜ ಅರ್ಧ ಊರು, ಅರ್ಧ ಹಳ್ಳಿ. ಮಹಾನಗರಪಾಲಿಕೆಗೆ ಸೇರಿದ್ದೇ 1997ರಲ್ಲಿ. ಸ್ವಾರಗೇಟಿನಿಂದ ಬಂದ ಕೆಂಪು ಬಸ್ಸು ಇಲ್ಲಿಗೆ ನಿಲ್ಲುತ್ತಿತ್ತು, ಮುಂದೆ ಘಾಟು. ಘಾಟು ಏರಿದರೆ ಸಾತಾರಾ, ಕೊಲ್ಹಾಪುರ, ಬೆಳಗಾವಿ, ನಮ್ಮ ಧಾರವಾಡ. ಒಂದು ಬದಿಗೆ ಹಾಲಿನ ಡೇರಿ, ಇನ್ನೊಂದು ಬದಿಗೆ ಕೆರೆ. ನಾನಾಸಾಹೇಬ ಪೇಶವೆ ಹದಿನೆಂಟನೆಯ ಶತಮಾನದಲ್ಲಿ ಈ ಕೆರೆಯಿಂದಲೇ ನೆಲದೊಳಗೆ ಕಾಲುವೆ ಕಟ್ಟಿಸಿ ಶನಿವಾರವಾಡೆಯವರೆಗೆ ನೀರು ಒಯ್ದ. ಕೆರೆಯ ಪಕ್ಕದಲ್ಲಿ 1986ರಲ್ಲಿ ಶುರುವಾದ ಸರ್ಪೋದ್ಯಾನ. ಮುಂದೆ ಪೇಶವೆ ಪಾರ್ಕಿನ ಪ್ರಾಣಿಗಳೂ ಇಲ್ಲಿಗೇ ಬಂದವು. ನಮ್ಮ ಶಾಲೆಯ ಮಕ್ಕಳು ಯಾವ ನವಿಲುಗರಿಯನ್ನೂ ಪುಸ್ತಕ ನೋಡಿ ಬರೆಯಬೇಕಾಗಿರಲಿಲ್ಲ.

ಕಲಾವಿದರ ಯೋಜನೆ ಬಂದದ್ದು ಹೊಸ ಮುಖ್ಯಾಧ್ಯಾಪಕಿ ಬಂದ ಮೇಲೆ. ಅವರು ಯಾವುದೋ ತರಬೇತಿಗೆ ಹೋಗಿ ಬರುವಾಗ ಒಂದು ಪಟ್ಟಿ ತಂದರು. ಪ್ರತಿ ತರಗತಿಗೆ, ಪ್ರತಿ ಸತ್ರಕ್ಕೆ ಒಬ್ಬ ಪ್ರಸಿದ್ಧ ಕಲಾವಿದ. ಅವನ ಒಂದು ಚಿತ್ರವನ್ನು ಆಧಾರವಾಗಿಟ್ಟುಕೊಂಡು ಮಕ್ಕಳು ಪ್ರಾಜೆಕ್ಟ್ ಮಾಡಬೇಕು, ಡಿಸೆಂಬರಿನ ಸ್ನೇಹಸಮ್ಮೇಳನದಲ್ಲಿ ಪ್ರದರ್ಶನ. ಪಟ್ಟಿಯಲ್ಲಿದ್ದವರೆಲ್ಲ ಯುರೋಪಿನವರು. "ನಮ್ಮವರೂ ಒಬ್ಬಿಬ್ಬರು ಇರಲಿ" ಎಂದೆ. "ಇರಲಿ, ಆದರೆ ಪಾಲಕರಿಗೆ ಗುರುತು ಸಿಗುವ ಹೆಸರಾಗಿರಲಿ" ಎಂದರು. ಆ ಮಾತಿನಲ್ಲಿ ಶಾಲೆ ನಡೆಸುವ ವಿದ್ಯೆಯೆಲ್ಲ ಇತ್ತು.

ಒಂದನೆಯ ತರಗತಿಗೆ ಮೊಂಡ್ರಿಯಾನ್. ಕಪ್ಪು ಗೆರೆ, ಕೆಂಪು, ಹಳದಿ, ನೀಲಿ. ಹಾಳೆಯ ಮೇಲೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪನ್ನು ಅಡ್ಡ ಉದ್ದ ಅಂಟಿಸಿ ಕೊಟ್ಟರೆ ಆರು ವರ್ಷದ ಮಗುವೂ ಅರ್ಧ ಗಂಟೆಯಲ್ಲಿ ಮೊಂಡ್ರಿಯಾನ್ ಆಗಿಬಿಡುತ್ತದೆ. ಫ್ರೇಮು ಹಾಕಿದರೆ ಗೋಡೆಗೂ ಚೆಂದ. ಜಗತ್ತಿನ ಪ್ರಾಥಮಿಕ ಶಾಲೆಗಳೆಲ್ಲ ಅವನಿಗೆ ಮರುಳಾಗಿರುವುದು ಇದಕ್ಕೇ ಇರಬೇಕು. ನನಗೆ ಅದರಿಂದ ಮಗುವಿಗೆ ಏನೂ ಸಿಕ್ಕಿದಂತೆ ಕಾಣಲಿಲ್ಲ.

ಎರಡನೆಯ ತರಗತಿಗೆ ಕಾಂಡಿನ್ಸ್ಕಿ. ಚೌಕಗಳೊಳಗೆ ವೃತ್ತದೊಳಗೆ ವೃತ್ತ ಇರುವ ಅವನ 1913ರ ಆ ಹಾಳೆ ಈಗ ಮಗ್ ಮೇಲೂ ಚೀಲದ ಮೇಲೂ ಕಾಣುತ್ತದೆ. ಅದು ಪೂರ್ತಿ ಚಿತ್ರವೇ ಅಲ್ಲ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಇಟ್ಟರೆ ಏನಾಗುತ್ತದೆ ಎಂದು ಅವನು ತನಗಾಗಿ ಮಾಡಿಕೊಂಡ ಅಭ್ಯಾಸ. ಇದನ್ನು ಹೇಳಿದ ಮೇಲೆ ಮಕ್ಕಳ ಹೆದರಿಕೆ ಹೋಯಿತು. ಅಭ್ಯಾಸ ಅಂದರೆ ತಪ್ಪಾದರೂ ನಡೆಯುತ್ತದಲ್ಲ! ವೃತ್ತಕ್ಕೆ ಕಂಪಾಸು ಬೇಡವೆಂದೆ. ಅವ್ವನ ಬಳೆ, ಡಬ್ಬಿಯ ಮುಚ್ಚಳ, ಔಷಧದ ಬಾಟಲಿಯ ಬಿರಡೆ ಬಂದವು. ಒಬ್ಬಳು ಬಳೆಯ ವೃತ್ತದ ಸುತ್ತ ಒಳಗೂ ಹೊರಗೂ ಹಸಿರನ್ನೇ ಬಳಿದಳು, ಒಂದಕ್ಕಿಂತ ಒಂದು ಬೇರೆ ಹಸಿರು. ಯಾಕೆಂದು ಕೇಳಿದರೆ, "ಇದು ಮಳೆಗಾಲದ ಬೆಟ್ಟ" ಎಂದಳು. ಜುಲೈಯಲ್ಲಿ ಶಾಲೆಯ ಕಿಟಕಿಯಿಂದ ಕಾಣುವ ಕಾತ್ರಜದ ಬೆಟ್ಟ ನಿಜವಾಗಿಯೂ ಹಾಗೇ ಇರುತ್ತದೆ.

ಮೊದಲ ವರ್ಷದ ಪ್ರದರ್ಶನ ಮಾತ್ರ ನೋಡಲಾಗದು. ಪಟ್ಟಿಯ ಪ್ರಕಾರ ವಾನ್‌ಗೋನ ಸೂರ್ಯಕಾಂತಿಯನ್ನು ಮನೆಯಿಂದ ಮಾಡಿಕೊಂಡು ಬರಬೇಕಾಗಿತ್ತು. ಒಂದು ಗೋಡೆಯ ತುಂಬ ಒಂದೇ ಸೂರ್ಯಕಾಂತಿ. ಕೆಲವು ಅಪ್ಪಂದಿರ ಕೈ, ಕೆಲವು ಚಿಕ್ಕಮ್ಮಂದಿರ ಕೈ, ಇನ್ನು ಕೆಲವು ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯವನ ಕೈ. ಅವನು ಕಾರ್ಡ್‌ಶೀಟಿನ ಮೇಲೆ ಔಟ್‌ಲೈನ್ ಎಳೆದು ಮಾರುತ್ತಿದ್ದ, ಬಣ್ಣ ತುಂಬಿದ್ದಕ್ಕೆ ದುಪ್ಪಟ್ಟು ದರ. ಒಂದು ಹೂದಾನಿಯ ಕೆಳಗೆ ಅಂಗಡಿಯ ಮೊಬೈಲ್ ನಂಬರು ಕೂಡ ಉಳಿದುಬಿಟ್ಟಿತ್ತು. ಮುಖ್ಯ ಅತಿಥಿಗಳು ಅದರ ಮುಂದೆಯೇ ನಿಂತು, "ಎಷ್ಟು ಹುಬೇಹುಬ್!" ಎಂದರು.

ಅಲ್ಲಿಂದ ಮುಂದೆ ನಾನು ಒಂದು ಹಟ ಹಿಡಿದೆ. ಪ್ರಾಜೆಕ್ಟ್ ಶಾಲೆಯಲ್ಲೇ ನಡೆಯಬೇಕು. ಕಲಾವಿದನ ಚಿತ್ರವನ್ನು ಮಕ್ಕಳು ನೋಡಲಿ, ಆಮೇಲೆ ಅದನ್ನು ಮುಚ್ಚಿಡಬೇಕು. ಅವನು ಕೆಲಸ ಮಾಡಿದ ರೀತಿಯಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳಬೇಕು. ದೊಡ್ಡ ಕಲಾವಿದನ ಹೆಸರಿನಿಂದ ಚಿಕ್ಕ ಶಾಲೆಗೆ ಆಗಬೇಕಾದ ಉಪಯೋಗ ಒಂದೇ. ಶಾಲೆ ಬೇಡವೆನ್ನುವುದನ್ನು ಮಾಡಲು ಅವನು ಮಗುವಿಗೆ ಪರವಾನಗಿ ಕೊಡುತ್ತಾನೆ. ಟೀಚರ್ ಹೇಳಿದರೆ ನಂಬದವರು, "ಮತೀಸ್ ಹೀಗೇ ಮಾಡುತ್ತಿದ್ದ" ಎಂದರೆ ನಂಬುತ್ತಾರೆ. ಮಕ್ಕಳಿಗಿಂತ ಹೆಚ್ಚಾಗಿ ಮುಖ್ಯಾಧ್ಯಾಪಕರು ನಂಬುತ್ತಾರೆ.

ಮತೀಸ್‌ನಿಂದ ನಾನು ಪಡೆದ ಪರವಾನಗಿ ರಬ್ಬರಿಗೆ ಸಂಬಂಧಿಸಿದ್ದು. ಮರಾಠಿ ಮಕ್ಕಳು ಅದನ್ನು ಖೋಡರಬರ್ ಎನ್ನುತ್ತಾರೆ. ಒಂದು ಪಿರಿಯಡ್ಡಿನ ಅರ್ಧ ಭಾಗ ಅದಕ್ಕೇ ಹೋಗುತ್ತಿತ್ತು. ಎಳೆಯುವುದು, ಅಳಿಸುವುದು, ಕಾಗದ ಹರಿಯುವುದು, ಅಳುವುದು. ಶುದ್ಧಬರಹದ ನೋಟುಬುಕ್ಕಿನಿಂದ ಅಂಟಿಕೊಂಡ ರೋಗ. 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಮತೀಸ್ ಹಾಸಿಗೆ, ಗಾಲಿಕುರ್ಚಿ ಹಿಡಿದ. ಈಸೆಲ್ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಸಹಾಯಕಿಯರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು, ಅವನು ಕತ್ತರಿಯಿಂದ ನೇರವಾಗಿ ಆಕಾರ ಕತ್ತರಿಸುತ್ತಿದ್ದ. 1953ರ 'ಬಸವನಹುಳು' ಹಾಗೆ ಹುಟ್ಟಿದ್ದು. ಮರುವರ್ಷ ಅವನು ತೀರಿಕೊಂಡ. ಮೂರನೆಯ ತರಗತಿಗೆ ಇಷ್ಟು ಹೇಳಿ ಪೆನ್ಸಿಲುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿದೆ. ಕೈಗೆ ಕತ್ತರಿ ಮತ್ತು ಘೋಟೀವ ಕಾಗದ ಕೊಟ್ಟೆ. ಒಂದು ಬದಿ ಮಿರಿಮಿರಿ ಹೊಳೆಯುವ ಬಣ್ಣದ ಕಾಗದ ಅದು, ಮಹಾರಾಷ್ಟ್ರದಲ್ಲಿ ಅದಿಲ್ಲದೆ ಕಾರ್ಯಾನುಭವದ ತಾಸೇ ಇಲ್ಲ.

"ಹಾವು ಕತ್ತರಿಸಿರಿ" ಎಂದೆ.

"ಮೊದಲು ಬರೆದುಕೊಳ್ಳುವುದಲ್ಲವಾ ಮ್ಯಾಡಮ್?"

"ಬರೆಯುವಂತಿಲ್ಲ."

"ತಪ್ಪಾದರೆ?"

"ಹಾವಿನಲ್ಲಿ ತಪ್ಪು ಯಾವುದು, ನೀನೇ ಹೇಳು."

ಹಿಂದಿನ ವಾರವಷ್ಟೇ ನಾಗರಪಂಚಮಿಯ ನೆವದಲ್ಲಿ ಅವರೆಲ್ಲ ಸರ್ಪೋದ್ಯಾನಕ್ಕೆ ಹೋಗಿ ಬಂದಿದ್ದರು. ನಾಗರ, ಮಂಡಲ, ಕೇರೆ, ಹೆಬ್ಬಾವು ಎಲ್ಲದರ ಮೈಕಟ್ಟು ಅವರಿಗೆ ಗೊತ್ತು. ಕತ್ತರಿ ಒಮ್ಮೆ ಹೊರಟಿತೆಂದರೆ ಹಿಂದೆ ಬರುವಂತಿಲ್ಲ. ಹೆಬ್ಬಾವು ಕತ್ತರಿಸುತ್ತಿದ್ದ ಹುಡುಗನ ಕಾಗದ ನಡುವೆಯೇ ಮುಗಿದುಹೋಯಿತು. ಅವನು ಹಾವಿನ ನಡುವನ್ನು ಬೇರೆ ಬಣ್ಣದ ಕಾಗದದಿಂದ ಜೋಡಿಸಿ, "ಇದು ಕೋಳಿ ನುಂಗಿದ ಜಾಗ" ಎಂದ. ನಾನು ಕಲಿಸಿದ್ದರೆ ಅವನಿಗೆ ಇದು ಹೊಳೆಯುತ್ತಿರಲಿಲ್ಲ. ಆ ಹಾವುಗಳು ವರ್ಷಗಟ್ಟಲೆ ಶಾಲೆಯ ಮೆಟ್ಟಿಲ ಗೋಡೆಯ ಮೇಲಿದ್ದವು. ಬಣ್ಣ ಬಳಿಯಲು ಬಂದವರು ತೆಗೆದರು.

ವಾನ್‌ಗೋನನ್ನು ಬಿಡಲು ಮುಖ್ಯಾಧ್ಯಾಪಕಿ ಒಪ್ಪಲಿಲ್ಲ, ಪಾಲಕರಿಗೆ ಗುರುತಿರುವ ಹೆಸರು ಅದೊಂದೇ. ಸೂರ್ಯಕಾಂತಿಯ ಬದಲು ನಾಲ್ಕನೆಯ ತರಗತಿಗೆ 'ನಕ್ಷತ್ರಗಳ ರಾತ್ರಿ' ಇಟ್ಟುಕೊಂಡೆ. 1889ರ ಜೂನ್‌ನಲ್ಲಿ, ಫ್ರಾನ್ಸಿನ ಸಾಂ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಬರೆದದ್ದು. ಅವನ ಕೋಣೆಗೆ ಪೂರ್ವದ ಕಡೆ ಕಿಟಕಿ ಇತ್ತು. ಅಲ್ಲಿಂದ ಕಂಡ ಆಕಾಶ, ಬೆಟ್ಟ ಚಿತ್ರದಲ್ಲಿವೆ. ಆದರೆ ಕೆಳಗಿರುವ ಹಳ್ಳಿ, ಅದರ ಚರ್ಚಿನ ಮೊನೆ ಆ ಕಿಟಕಿಯಿಂದ ಕಾಣುವಂಥದ್ದಲ್ಲ, ಅವನೇ ತಂದಿಟ್ಟದ್ದು. ಮಕ್ಕಳಿಗೆ ಈ ಸಂಗತಿ ಬಲು ಖುಷಿ ಕೊಟ್ಟಿತು. ಇಷ್ಟು ದೊಡ್ಡ ಮನುಷ್ಯ ಇಲ್ಲದ್ದನ್ನು ಇದೆ ಎಂದು ಬರೆದನೇ!

ನಿಮ್ಮ ಕಿಟಕಿಯಿಂದ ರಾತ್ರಿ ಏನು ಕಾಣುತ್ತದೋ ಬರೆಯಿರಿ, ಕಾಣದಿರುವುದು ಒಂದನ್ನು ಸೇರಿಸಿ ಎಂದೆ. ಬಂದ ಚಿತ್ರಗಳಲ್ಲಿ ಅರ್ಧಕ್ಕರ್ಧ ಘಾಟು. ರಾತ್ರಿ ಕಾತ್ರಜದ ಘಾಟಿನ ಮೇಲೆ ಲಾರಿಗಳ ದೀಪಗಳು ಸಾಲುಗಟ್ಟಿ ಸುತ್ತಿ ಸುತ್ತಿ ಏರಿ ಮೇಲಿನ ಬೋಗದೆಯಲ್ಲಿ ಮಾಯವಾಗುವುದನ್ನು ಅವರು ಹುಟ್ಟಿದಾಗಿನಿಂದ ನೋಡಿದವರು. ವಾನ್‌ಗೋನ ಆಕಾಶದ ಸುರುಳಿ ನೆಲಕ್ಕಿಳಿದು ರಸ್ತೆಯ ತಿರುವಾಯಿತು. ಸೈಪ್ರೆಸ್ ಮರದ ಜಾಗದಲ್ಲಿ ಮೊಬೈಲ್ ಟವರ್ ಎದ್ದಿತು. ಒಬ್ಬ ಹುಡುಗನ ಅಪ್ಪ ಲಾರಿ ಡ್ರೈವರು. ಅವನು ದೀಪದ ಸಾಲಿನಲ್ಲಿ ಒಂದನ್ನು ಮಾತ್ರ ಹಸಿರು ಮಾಡಿದ್ದ. ಹಸಿರು ದೀಪದ ಲಾರಿ ಇರುತ್ತದೇನೋ ಎಂದು ಪಕ್ಕದವಳು ಜಗಳಕ್ಕೆ ನಿಂತಳು. "ಅದು ನಮ್ಮಪ್ಪನ ಗಾಡಿ. ಕಾಣದಿರುವುದನ್ನು ಸೇರಿಸಿ ಅಂದರಲ್ಲ, ಸೇರಿಸಿದೆ. ಅಪ್ಪ ಬೆಂಗಳೂರಿನಲ್ಲಿದ್ದಾನೆ" ಎಂದ. ಎಲಿಮೆಂಟರಿ ಪರೀಕ್ಷೆಯ ಸ್ಮರಣಚಿತ್ರಕ್ಕೆ ಇದರ ಮುಂದೆ ಎಷ್ಟು ಗ್ರೇಡ್ ಕೊಡುವುದು?

ಇಲ್ಲಿ ಒಂದು ಮಾತು. ಪುಣೆಯ ಮಕ್ಕಳ ಅತ್ಯುತ್ತಮ ಕಲಾಕೃತಿ ಯಾವ ಶಾಲೆಯಲ್ಲೂ ನಡೆಯುವುದಿಲ್ಲ. ದೀಪಾವಳಿಯ ರಜೆಯಲ್ಲಿ ಕಟ್ಟಡಗಳ ಹಿತ್ತಿಲಲ್ಲಿ ಅವರು ಕಿಲ್ಲಾ ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ ಪೇರಿಸಿ ಮೇಲೆ ಗೋಣಿತಾಟು ಹೊದಿಸಿ ಮಣ್ಣು ಮೆತ್ತಿ ರಾಯಗಡ, ಸಿಂಹಗಡ, ಪ್ರತಾಪಗಡ. ಅಳವಿ ಬೀಜ ಚೆಲ್ಲಿದರೆ ನಾಲ್ಕು ದಿನಕ್ಕೆ ಹುಲ್ಲು. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ, ಬುರುಜಿಗೊಬ್ಬ ಮಾವಳೆ ಸೈನಿಕ. ಅದಕ್ಕೆ ಕಲಾವಿದನ ಹೆಸರಿಲ್ಲ, ಅಂಕವಿಲ್ಲ, ಆದ್ದರಿಂದ ದೊಡ್ಡವರ ಕೈಯೂ ಇಲ್ಲ. ಹುಡುಗರು ಬೆಳಗಿನಿಂದ ಸಂಜೆವರೆಗೆ ಮಣ್ಣಿನಲ್ಲಿ ಇರುತ್ತಾರೆ. ನನ್ನ ತರಗತಿಯಲ್ಲಿ ಅಂಥ ಒಂದು ದಿನ ಕಂಡಿದ್ದರೆ ಸಾಕಿತ್ತು.

ವಾರಲಿ ವಿಷಯಕ್ಕೆ ಬರುತ್ತೇನೆ. ಮಹಾರಾಷ್ಟ್ರದಲ್ಲಿ ವಾರಲಿ ಬರೆಯದ ಮಗುವಿಲ್ಲ. ಎರಡು ತ್ರಿಕೋನ ತುದಿಗೆ ತುದಿ ಕೂಡಿಸಿ, ತಲೆಗೊಂದು ಚುಕ್ಕೆ, ಕೈಕಾಲಿಗೆ ಕಡ್ಡಿಗೆರೆ: ಮನುಷ್ಯ ತಯಾರು. ಹೌಸಿಂಗ್ ಸೊಸೈಟಿಯ ಕಾಂಪೌಂಡು, ಹೋಟೆಲಿನ ಗೋಡೆ, ದುಪಟ್ಟಾದ ಅಂಚು ಎಲ್ಲೆಲ್ಲೂ ಅದೇ. ಇಷ್ಟು ಸಸ್ತಾ ಆಗಿರುವ ಈ ಚಿತ್ರಕ್ಕೆ ಒಂದು ಊರು, ಒಂದು ಜನ ಇದ್ದಾರೆ ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಪಾಲಘರ್ ಕಡೆಯ ವಾರಲಿ ಹೆಂಗಸರು ಮದುವೆಯ ಹೊತ್ತಿಗೆ ಜಾಜು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದುದು ಇದು, ಮುತ್ತೈದೆಯರ ಕೆಲಸ. ಅದನ್ನು ಗೋಡೆಯಿಂದ ಕಾಗದಕ್ಕೆ, ಮದುವೆಯಿಂದ ದಿನದ ಬದುಕಿಗೆ ತಂದವರಲ್ಲಿ ಮೊದಲಿಗರು ಗಂಜಾಡ ಗ್ರಾಮದ ಜೀವ್ಯಾ ಸೋಮಾ ಮ್ಹಸೆ. 1970ರ ದಶಕದಲ್ಲಿ ಭಾಸ್ಕರ ಕುಲಕರ್ಣಿ ಎಂಬ ಕಲಾವಿದ ಆ ಹಳ್ಳಿಗಳಲ್ಲಿ ಓಡಾಡಿ ಅವರನ್ನು ಗುರುತಿಸಿದರು. ಮ್ಹಸೆಯವರಿಗೆ 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಅವರು ಬರೆದ ಮೀನಿನ ಬಲೆಯ ಚಿತ್ರ ತೋರಿಸಿದರೆ ಮಕ್ಕಳು ಸುಮ್ಮನಾಗಿಬಿಟ್ಟರು. ಕಣ್ಣಿಗೆ ಕತ್ತಲೆ ಬರುವಷ್ಟು ಗೆರೆ, ಒಂದೊಂದೂ ಕೈಯಿಂದ ಎಳೆದದ್ದು.

ಪಠ್ಯಪುಸ್ತಕದ ವಾರಲಿ ಎಂದರೆ ತಾರಪಾ ಕುಣಿತ. ಸೋರೆಬುರುಡೆಯಿಂದ ಮಾಡಿದ ತಾರಪಾ ವಾದ್ಯವನ್ನು ಊದುವವನು ನಡುವೆ, ಅವನ ಸುತ್ತ ಕೈಕೈ ಹಿಡಿದ ಜನರ ಸುರುಳಿ. ನಮ್ಮ ಶಾಲೆಯಲ್ಲಿ ಆಗ ಆರ್‌ಟಿಇ ಮಕ್ಕಳು ಇದ್ದರು. 2009ರ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಶೇಕಡಾ 25ರಷ್ಟು ಸೀಟು ಬಡ ಮಕ್ಕಳಿಗೆ ಕೊಡಬೇಕಲ್ಲ, ಹಾಗೆ ಬಂದವರು. ಅವರಲ್ಲಿ ಒಬ್ಬಳು ಕಲಬುರಗಿ ಕಡೆಯವಳು. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು, ಕಟ್ಟಡ ಮುಗಿದ ಮೇಲೆ ಅಪ್ಪ ಅಲ್ಲೇ ವಾಚ್‌ಮನ್ ಆಗಿ ಉಳಿದಿದ್ದ. ಹುಡುಗಿ ತರಗತಿಯಲ್ಲಿ ಮರಾಠಿ ಆಡುತ್ತಿದ್ದಳು. ನಾನು ಕನ್ನಡದವಳೆಂದು ಯಾರೋ ಹೇಳಿದ ದಿನದಿಂದ ಎಲ್ಲರೂ 'ಮ್ಯಾಡಮ್' ಅನ್ನುವಾಗ ಅವಳೊಬ್ಬಳು 'ಅಕ್ಕೋರು' ಎನ್ನತೊಡಗಿದಳು.

"ಅಕ್ಕೋರ, ತಾರಪಾ ನಮ್ಮ ಕಡೆ ಇಲ್ರೀ. ನಾ ಏನ ಬರೀಲಿ?"

"ನಿಮ್ಮ ಮಂದಿ ಹಿಂಗ ಸಾಲಾಗಿ ಯಾವಾಗ ನಿಂದರತಾರ?"

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಸ್ಲ್ಯಾಬ್ ಹಾಕೋ ದಿನಾರೀ."

ಸ್ಲ್ಯಾಬಿನ ದಿನ ಎಂದರೆ ನೋಡಿದವರಿಗೆ ಗೊತ್ತು. ಕಾಂಕ್ರೀಟು ಗಟ್ಟಿಯಾಗುವ ಮುಂಚೆ ಮುಗಿಯಬೇಕು, ಆದ್ದರಿಂದ ಕೆಲಸ ನಿಲ್ಲುವಂತಿಲ್ಲ. ಕೆಳಗಿನಿಂದ ಮೇಲಿನವರೆಗೆ ಬಿದಿರಿನ ಪರಾಂಚಿಯ ಮೇಲೆ ಜನ ನಿಂತು, ತುಂಬಿದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಹೋಗುತ್ತಾರೆ, ಖಾಲಿ ಬುಟ್ಟಿ ಮೇಲಿನಿಂದ ಹಾರಿಬರುತ್ತದೆ. ಅವಳ ಚಿತ್ರದಲ್ಲಿ ತಾರಪಾ ಊದುವವನ ಜಾಗದಲ್ಲಿ ಮಿಕ್ಸರ್ ಇತ್ತು. ಅದರಿಂದ ಹೊರಟ ಎರಡು ತ್ರಿಕೋನದ ಮನುಷ್ಯರು ಸುರುಳಿ ಸುತ್ತುತ್ತ ಹಾಳೆಯ ಅಂಚಿನವರೆಗೂ ಹೋಗಿದ್ದರು, ಒಬ್ಬೊಬ್ಬರ ತಲೆಯ ಮೇಲೂ ಬುಟ್ಟಿ. ಒಬ್ಬ ಹೆಂಗಸಿನ ಬೆನ್ನಿಗೆ ಮಾತ್ರ ಇನ್ನೊಂದು ಪುಟ್ಟ ತ್ರಿಕೋನದ ಜೋಡಿ. "ಅದು ನಾ ರೀ" ಎಂದಳು.

ಮ್ಹಸೆಯವರ ರೀತಿಯನ್ನು ಇಷ್ಟು ಸರಿಯಾಗಿ ಹಿಡಿದ ಇನ್ನೊಂದು ಚಿತ್ರವನ್ನು ನಾನು ದೊಡ್ಡವರ ಕೈಯಲ್ಲೂ ಕಂಡಿಲ್ಲ. ದಿನಾ ಮಾಡುವ ಕೆಲಸವನ್ನು ಗೋಡೆಯ ಮೇಲೆ ಇಡಲು ಯೋಗ್ಯವೆಂದು ಬಗೆಯುವುದು ಅವರ ಕಲೆಯ ಜೀವ, ತ್ರಿಕೋನ ಆಮೇಲಿನದು. ಪ್ರದರ್ಶನದ ದಿನ ಆ ಹುಡುಗಿಯ ಅವ್ವ ಬಂದು ಚಿತ್ರದ ಮುಂದೆ ನಿಂತು ಒಬ್ಬೊಬ್ಬರನ್ನೇ ಬೆರಳಿಟ್ಟು ಹೆಸರು ಹೇಳಿದಳು. ಸೀರೆ ಇಲ್ಲ, ಮುಖ ಇಲ್ಲ, ಬರೀ ತ್ರಿಕೋನ. ಆದರೂ ಅವಳಿಗೆ ಎಲ್ಲರ ಗುರುತೂ ಸಿಕ್ಕಿತು.

ಹೆಬ್ಬಾರರನ್ನು ಪಟ್ಟಿಗೆ ಸೇರಿಸಲು ಸ್ವಲ್ಪ ಜಗಳವಾಡಬೇಕಾಯಿತು. "ಹೆಬ್ಬಾರ್ ಯಾರು, ಹೋಟೆಲಿನವರೇ?" ಎಂದು ಕಚೇರಿಯ ಗುಮಾಸ್ತರು ನಿಜವಾಗಿ ಕೇಳಿದರು. ಪುಣೆಯಲ್ಲಿ ಉಡುಪಿ ಕಡೆಯ ಹೆಸರೆಂದರೆ ಜನರಿಗೆ ಇಡ್ಲಿ ಸಾಂಬಾರೇ ನೆನಪಾಗುವುದು, ಅವರ ತಪ್ಪಲ್ಲ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ ಉಡುಪಿಯ ಹತ್ತಿರ ಹುಟ್ಟಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಮುಂಬಯಿಯವರೇ ಆಗಿ 1996ರಲ್ಲಿ ಅಲ್ಲೇ ತೀರಿಕೊಂಡವರು. ಲಯ ಮೈಗೆ ಹತ್ತಬೇಕೆಂದು ಕಥಕ್ ಕಲಿತವರು. ಅವರ ಗೆರೆ ಒಮ್ಮೆ ಹೊರಟರೆ ನರ್ತಕಿಯ ಬೆರಳಿನಿಂದ ಗೆಜ್ಜೆವರೆಗೆ ನಿಲ್ಲದೆ ಹರಿಯುತ್ತದೆ. ಗಣೇಶನ ಹಬ್ಬಕ್ಕೆ ಒಂದೆರಡು ತಿಂಗಳ ಮುಂಚಿನಿಂದ ಪುಣೆಯ ಮೈದಾನಗಳಲ್ಲಿ ಸಂಜೆಗೆ ಢೋಲ್ ತಾಶಾ ಪಥಕಗಳ ತಾಲೀಮು ನಡೆಯುತ್ತದೆ. ಕಿವಿ ಮುಚ್ಚಿದರೂ ಕೇಳುತ್ತದೆ. ಢೋಲು ಬಾರಿಸುವವನನ್ನು ಸ್ಕೆಚ್ ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಬರೆಯಿರಿ ಎಂದೆ. ಬಹುಪಾಲು ಚಿತ್ರಗಳು ಗೋಜಲಾದವು. ಆದರೆ ಬರೆಯುವಾಗ ಮಕ್ಕಳ ಭುಜ ತಾನಾಗಿಯೇ ಕುಣಿಯುತ್ತಿತ್ತು. ಮೂರು ತಿಂಗಳ ವಸ್ತುಚಿತ್ರದಿಂದ ಅದು ಆಗುವುದಿಲ್ಲ.

ಇನ್ನೊಂದು ಚಿತ್ರ ತಾನಾಗಿಯೇ ತರಗತಿಗೆ ಬಂತು. ರಜೆಯಲ್ಲಿ ಮೈಸೂರಿಗೆ ಹೋಗಿ ಬಂದ ಒಬ್ಬ ವಿದ್ಯಾರ್ಥಿಯ ಮನೆಯವರು ಜಗನ್ಮೋಹನ ಅರಮನೆಯಿಂದ ದೀಪ ಹಿಡಿದ ಹೆಂಗಸಿನ ಪ್ರಿಂಟು ತಂದಿದ್ದರು. ಕೈಯನ್ನು ದೀಪಕ್ಕೆ ಮರೆಮಾಡಿ, ಬೆರಳ ಸಂದಿಯಿಂದ ಬೆಳಕು ಮುಖಕ್ಕೆ ಬಿದ್ದಿರುವ ಆ ಚಿತ್ರ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? "ರವಿವರ್ಮನ ಚಿತ್ರ, ನಿಮ್ಮ ಮೈಸೂರಿನದು" ಎಂದು ನನಗೇ ಕೊಟ್ಟರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ 102 ವರ್ಷ ಬದುಕಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಹೀಗೆ ಮರಾಠಿ ಕಲಾವಿದನ ಚಿತ್ರ ಕನ್ನಡದ ಅರಮನೆಯಲ್ಲಿ ಮಲಯಾಳಿಯ ಹೆಸರಿನಲ್ಲಿ ಜನಪ್ರಿಯವಾಗಿದೆ!

ಅದು ಜಲವರ್ಣ. ಜಲವರ್ಣದಲ್ಲಿ ಬೆಳಕು ಬೇಕಾದರೆ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದವನ್ನು ಖಾಲಿ ಬಿಡುತ್ತಾರೆ. ಬಿಡುವುದು ಮಕ್ಕಳಿಗೆ ಬಹಳ ಕಷ್ಟ. ಹಾಳೆಯಲ್ಲಿ ಚೂರೂ ಬಿಳಿ ಉಳಿಯಬಾರದೆಂದು ಅವರಿಗೆ ಬಾಲವಾಡಿಯಿಂದಲೇ ಹೇಳಿರುತ್ತಾರೆ. ಆಗ ಲೋಡ್‌ಶೆಡ್ಡಿಂಗ್ ದಿನಗಳು. ಕರೆಂಟು ಹೋದಾಗ ನಿಮ್ಮ ಮನೆ ಹೇಗಿರುತ್ತದೆ, ಬರೆಯಿರಿ, ಬೆಳಕಿರುವ ಕಡೆ ಬಣ್ಣ ಮುಟ್ಟಿಸಬೇಡಿ ಎಂದೆ. ಮೇಣದ ಬತ್ತಿ, ಎಮರ್ಜೆನ್ಸಿ ಲೈಟು, ಗ್ಯಾಸಿನ ಒಲೆ, ದೇವರ ಮನೆ. ಒಬ್ಬ ಹಾಳೆಯನ್ನೆಲ್ಲ ಕಪ್ಪು ಮಾಡಿ ನಡುವೆ ಕಾಳಿನಷ್ಟು ಬಿಳಿ ಬಿಟ್ಟು ತಂದ. "ಅಜ್ಜನ ಬೀಡಿ" ಎಂದ.

ಹೊಕುಸಾಯಿಯ ಅಲೆಯನ್ನು ಕೊನೆಗೆ ಹೇಳುತ್ತಿದ್ದೇನೆ. ಮೂರನೆಯ ತರಗತಿಗೆ ಮಳೆಗಾಲದ ಪ್ರಾಜೆಕ್ಟ್ ಅದು. 1831ರ ಸುಮಾರಿಗೆ ಜಪಾನಿನ ಹೊಕುಸಾಯಿ ಫ್ಯೂಜಿ ಪರ್ವತದ ಮೇಲೆ ಮಾಡಿದ ಸರಣಿಯಲ್ಲಿ ಒಂದು. ಮರದ ಅಚ್ಚಿನಿಂದ ಸಾವಿರಾರು ಪ್ರತಿ ತೆಗೆದು ಕಡಿಮೆ ಬೆಲೆಗೆ ಮಾರಿದ್ದು. ಪರ್ವತದ ಚಿತ್ರವೆಂದು ಹೆಸರು. ಆದರೆ ಪರ್ವತ ಅಲೆಯ ಕೆಳಗೆ ಬೆರಳಿನ ಗಾತ್ರ. ಅಲೆಯ ಬಾಯಿಗೆ ಸಿಕ್ಕಿರುವ ಮೂರು ದೋಣಿಗಳು, ಅವುಗಳಲ್ಲಿ ಬಾಗಿ ಕೂತ ಜನ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ ಎಂದುಕೊಂಡು ಪ್ರತಿ ವರ್ಷ ಮಾಡಿಸುತ್ತಿದ್ದೆ. ಮಕ್ಕಳು ಗಣಪತಿಪುಳೆಯದೋ ಅಲಿಬಾಗದ್ದೋ ಸಮುದ್ರ ಬರೆಯುತ್ತಿದ್ದರು. ನೀಲಿ, ಬಿಳಿ, ತೆಂಗಿನ ಮರ. ಸಾಧಾರಣ.

2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯಲ್ಲಿ ಮಳೆ ಹೊಯ್ದ ರೀತಿ ಇಲ್ಲಿದ್ದವರು ಮರೆಯುವುದಿಲ್ಲ. ಆಂಬಿಲ್ ಓಢಾ ಎಂಬ ಹಳ್ಳ ಕಾತ್ರಜದ ಕೆರೆಯ ಕಡೆಯಿಂದ ಹೊರಟು ಪದ್ಮಾವತಿ, ಸಹಕಾರನಗರ, ದತ್ತವಾಡಿ ದಾಟಿ ಮುಠಾ ನದಿಗೆ ಸೇರುತ್ತದೆ. ಊರಿಗೆ ಅದು ಹಳ್ಳವೆಂಬುದೇ ಮರೆತುಹೋಗಿತ್ತು. ಅದರ ಇಕ್ಕೆಲದಲ್ಲೂ ಮನೆ, ಗೋಡೆ, ಪಾರ್ಕಿಂಗು. ಆ ರಾತ್ರಿ ಹಳ್ಳ ತನ್ನ ಜಾಗವನ್ನು ವಾಪಸು ತೆಗೆದುಕೊಂಡಿತು. ಗೋಡೆಗಳು ಕುಸಿದವು, ಕಾರುಗಳು ಒಂದರ ಮೇಲೊಂದು ಕೂತವು. ಪುಣೆ ಮತ್ತು ಸುತ್ತಮುತ್ತ 20ಕ್ಕೂ ಹೆಚ್ಚು ಜನ ಸತ್ತರು. ಶಾಲೆ ಮತ್ತೆ ಶುರುವಾದ ಮೇಲಿನ ಚಿತ್ರಕಲೆಯ ಪಿರಿಯಡ್ಡಿಗೆ ಸರದಿಯಂತೆ ಬಂದದ್ದು ಹೊಕುಸಾಯಿಯ ಅಲೆ. ಬೇರೆ ಏನಾದರೂ ಮಾಡಿಸೋಣವೆಂದು ಪ್ರಿಂಟನ್ನು ಒಳಗಿಡುವಷ್ಟರಲ್ಲಿ ಮುಂದಿನ ಬೆಂಚಿನವರು ನೋಡಿಬಿಟ್ಟಿದ್ದರು.

ಆ ದಿನ ಯಾರೂ ಸಮುದ್ರ ಬರೆಯಲಿಲ್ಲ. ನೀಲಿಯ ಡಬ್ಬಿ ಹಾಗೇ ಉಳಿದು ಕಂದು ಬಣ್ಣ ಖಾಲಿಯಾಯಿತು. ದೋಣಿಗಳ ಜಾಗದಲ್ಲಿ ಸ್ಕೂಟರು, ಗ್ಯಾಸ್ ಸಿಲಿಂಡರು, ಒಂದು ಎಮ್ಮೆ, ಶಾಲೆಯ ಚೀಲ. ಬಾಗಿ ಕೂತ ಅಂಬಿಗರು ತಾರಸಿಯ ಮೇಲೆ ಸಾಲಾಗಿ ಕೂತ ಮನೆಮಂದಿಯಾದರು. ಫ್ಯೂಜಿಯ ಜಾಗದಲ್ಲಿ, ಅಷ್ಟೇ ಚಿಕ್ಕದಾಗಿ, ಕಾತ್ರಜದ ಬೆಟ್ಟ. ಹತ್ತಿರದ್ದು ದೊಡ್ಡದು ಎಂಬುದನ್ನು ನಾನು ಹೇಳಬೇಕಾಗಲೇ ಇಲ್ಲ. ಹೊಕುಸಾಯಿ ಅಲೆಗೆ ಉಗುರು ಕೊಟ್ಟದ್ದು ಯಾಕೆಂದು ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಗದ್ದಲ ಮಾಡುವ ತರಗತಿ ಅದು, ಅವತ್ತು ಬೆಲ್ ಹೊಡೆದ ಮೇಲೂ ಏಳಲಿಲ್ಲ.

ಡಿಸೆಂಬರಿನ ಪ್ರದರ್ಶನಕ್ಕೆ ಅವುಗಳನ್ನು ಹಾಕುವುದು ಬೇಡವೆಂದು ಆಡಳಿತದವರು ಹೇಳಿದರು, ಬಂದವರಿಗೆ ಬೇಸರವಾದೀತು ಎಂದು. ಸಿಟ್ಟು ಬಂದರೂ ನಾನು ವಾದ ಮಾಡಲಿಲ್ಲ, ತರಗತಿಯ ಒಳಗೋಡೆಗೆ ಅಂಟಿಸಿದೆ. ಪಾಲಕರ ಸಭೆಗೆ ಬಂದವರು ಅವುಗಳನ್ನು ನೋಡಿ ಮಕ್ಕಳ ಮಾರ್ಕ್ಸ್ ಕೇಳುವುದನ್ನು ಮರೆತು ಆ ರಾತ್ರಿಯ ಮಾತಿಗೆ ಕೂತರು. ಅಷ್ಟು ಹೊತ್ತು ಚಿತ್ರದ ಮುಂದೆ ನಿಂತ ಪಾಲಕರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮುಂದಿನ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಕರೋನಾ ಕಾಲದ ಚಿತ್ರಕಲೆಯ ಪಿರಿಯಡ್ಡು ಮೊಬೈಲಿನಲ್ಲಿ ನಡೆಯಿತು. ಕಲಾವಿದನ ಬಗ್ಗೆ ಧ್ವನಿಸಂದೇಶ ಕಳಿಸುವುದು, ಮಕ್ಕಳ ಚಿತ್ರದ ಫೋಟೋ ಬರುವುದು. ಎರಡನೆಯ ವಾರದಿಂದಲೇ ಚಿತ್ರಗಳು ಚೊಕ್ಕಟವಾಗತೊಡಗಿದವು. ವೃತ್ತ ಗುಂಡಗಾಯಿತು, ಆನೆ ಬೂದು ಬಣ್ಣಕ್ಕೆ ತಿರುಗಿತು, ಎಲ್ಲರ ಮನೆಯ ಕಿಟಕಿಯಿಂದಲೂ ಒಂದೇ ಸೂರ್ಯೋದಯ ಕಂಡಿತು. ನಾನು ನೌಕರಿ ಬಿಟ್ಟದ್ದು ಅದೇ ವರ್ಷ.

ಈಗ ನೆರೆಮನೆಯ, ನಂಟರ ಮನೆಯ ತಾಯಂದಿರು ಪ್ರಾಜೆಕ್ಟ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಹಾಳೆ ತಂದುಕೊಡಿ, ಬಣ್ಣ ತಂದುಕೊಡಿ. ಚಿತ್ರ ಯಾರದು, ಅವನು ಎಲ್ಲಿಯವನು, ಅದನ್ನು ಹೇಗೆ ಮಾಡಿದ ಎಂದು ನೀವು ಓದಿಕೊಂಡು ಮಗುವಿಗೆ ಹೇಳಿ. ಮೈಸೂರಿಗೆ ಹೋದಾಗ ದೀಪದ ಹೆಂಗಸಿನ ಕೆಳಗೆ ಬರೆದಿರುವ ಹೆಸರನ್ನು ಓದಿ ತೋರಿಸಿ. ಆಮೇಲೆ ದಯವಿಟ್ಟು ರಬ್ಬರನ್ನು ಜೇಬಿಗೆ ಹಾಕಿಕೊಂಡು ಆ ಕೋಣೆಯಿಂದ ಎದ್ದು ಹೋಗಿ.